ಬೆನ್ನ ಹಿಂದೆ ಚೆಲ್ಲಿದ ನೀರು

ಸೆಪ್ಟೆಂಬರ್ ಕೊನೆಯ ವಾರ ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಆ ಹಾಸ್ಟೆಲಿನಲ್ಲಿ ಉಳಿದವರೆಂದರೆ ಒಂದೋ ಫೇಲಾದವರು, ಇಲ್ಲವೇ ಪರೀಕ್ಷೆಯನ್ನು ಕಂಡು ಓಡಿಹೋದವರು. ವರ್ವಾರಾ ಓಡಿಹೋದವಳು. ಓಡಿದ್ದೆಂದರೆ ನಿಜವಾಗಿಯೂ ಕಾಲಿಗೆ ಬುದ್ಧಿ ಹೇಳಿದ್ದು. ಜೂನ್ ತಿಂಗಳಲ್ಲಿ ದೇಹರಚನೆಯ ಮೌಖಿಕ ಪರೀಕ್ಷೆಯ ಬಾಗಿಲ ಮುಂದೆ ನಿಂತಿದ್ದಾಗ, ಒಳಗಿಂದ ಒಬ್ಬ ಹುಡುಗಿ ಅಳುತ್ತಾ ಹೊರಬಂದಳು. ಮುಂದಿನ ಹೆಸರು ವರ್ವಾರಾ ಪಾಸ್ಲಾರ್ ಎಂದು ಕೂಗಿದರು. ಅಷ್ಟರಲ್ಲಿ ಅವಳು ಎರಡು ಮಹಡಿ ಇಳಿದಾಗಿತ್ತು. ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಆದರೂ ಟ್ರಾಮ್ ಹತ್ತುವವರೆಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅವಳ ಊರು ತರಾಕ್ಲಿಯಾ, ಮೊಲ್ದೋವಾದ ಒಣನೆಲದ ಊರು. ಇನ್ನೂರು ವರ್ಷದ ಹಿಂದೆ ಹೋಗಿ ನೆಲೆಸಿದ ಬಲ್ಗೇರಿಯನ್ನರೇ ಅಲ್ಲಿ ತುಂಬಿಕೊಂಡಿದ್ದಾರೆ. ಅಂಥವರ ಮಕ್ಕಳಿಗೆಂದು ಇಲ್ಲಿನ ಸರ್ಕಾರ ಕೊಡುವ ಸೀಟಿನಲ್ಲಿ ಅವಳು ವೈದ್ಯಕೀಯಕ್ಕೆ ಬಂದದ್ದು. ಅಲ್ಲಿ ಅವಳನ್ನು ಬಲ್ಗೇರಿಯನ್ನಳು ಎನ್ನುತ್ತಿದ್ದರು, ಇಲ್ಲಿ ಬಂದ ಮೇಲೆ ಉಚ್ಚಾರ ಕೇಳಿ ರಷ್ಯದವಳು ಎಂದರು. ಅವಳ ಬಲ್ಗೇರಿಯನ್ ಮಾತು ಮುತ್ತಜ್ಜಿಯ ಕಾಲದ್ದು. ತರಗತಿಯಲ್ಲಿ ಬಾಯಿ ತೆರೆದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು. ಬರೆಯುವ ಪರೀಕ್ಷೆಯಾದರೆ ಅವಳು ಯಾರಿಗೂ ಹೆದರುವವಳಲ್ಲ. ಆದರೆ ದೇಹರಚನೆಯನ್ನು ಬಾಯಲ್ಲೇ ಹೇಳಬೇಕು, ಅದೂ ಪ್ರೊಫೆಸರ್ ಗರ್ವಾಲೋವ್ ಎದುರು.

ಓಡಿಬಂದ ಆ ಸಂಜೆ ತಾಯಿ ಫೋನ್ ಮಾಡಿದಳು. ತಾಯಿ ಸ್ತೆಫನಿದಾ ಊರಿನ ಶಾಲೆಯ ಅಡುಗೆಯವಳು. ವರ್ವಾರಾ ಯೋಚನೆಯನ್ನೇ ಮಾಡದೆ ಪಾಸಾಯ್ತಮ್ಮ ಎಂದುಬಿಟ್ಟಳು. ಆಮೇಲೆ ಏನು ಮಾತಾಡುವುದೆಂದು ತೋಚದೆ, ಊರಲ್ಲಿ ಮಳೆ ಬಂತಾ ಎಂದು ಕೇಳಿದಳು. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರಲ್ಲ, ಹಾಗೇ ಆಯಿತು. ಬೇಸಿಗೆ ರಜೆಗೆ ಊರಿಗೆ ಹೋಗಲಿಲ್ಲ, ಕೆಲಸ ಸಿಕ್ಕಿದೆ ಎಂದಳು. ಸೂಪಿನ ಅಂಗಡಿಯೊಂದರಲ್ಲಿ ಪಾತ್ರೆ ತೊಳೆಯುತ್ತಾ, ತಿಕ್ಕುವ ಕೈಯ ಒಂದೊಂದು ಸ್ನಾಯುವಿನ ಹೆಸರನ್ನೂ ಗೊಣಗುತ್ತಾ ಮೂರು ತಿಂಗಳು ಕಳೆದಳು.

ಈಗ ಉಳಿದದ್ದು ಕೊನೆಯ ಅವಕಾಶ. ಹುಡುಗರು ಅದಕ್ಕೆ ಲಿಕ್ವಿದಾತ್ಸಿಯಾ ಎನ್ನುತ್ತಾರೆ, ಅಂಗಡಿ ಮುಚ್ಚುವಾಗ ಸಾಮಾನು ಖಾಲಿ ಮಾಡುತ್ತಾರಲ್ಲ, ಅದೇ ಮಾತು. ಇದರಲ್ಲಿ ಬಿದ್ದರೆ ಸೀಟೂ ಇಲ್ಲ, ಹಾಸ್ಟೆಲೂ ಇಲ್ಲ, ತರಾಕ್ಲಿಯಾದ ಬಸ್ಸೇ ಗತಿ.

ಇದೆಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಒಳಗೊಳಗೇ ತಿನ್ನುತ್ತಿದ್ದ ಭಯ ಇನ್ನೊಂದಿತ್ತು. ಅವರಲ್ಲಿ ಯಾರೇ ಪರೀಕ್ಷೆಗೆ ಹೊರಟರೂ ಬೆನ್ನ ಹಿಂದೆ ನೀರು ಚೆಲ್ಲಬೇಕು, ಕೆಲಸ ನೀರಿನಂತೆ ಸರಾಗವಾಗಲಿ ಎಂದು. ಚೆಲ್ಲಿದ ಮೇಲೆ ಹೋದವರು ಕೆಲಸ ಮುಗಿಯುವ ಮುಂಚೆ ತಿರುಗಿ ಬರಬಾರದು. ಇಷ್ಟು ದಿನ ಪ್ರತಿ ಪರೀಕ್ಷೆಯ ಬೆಳಗ್ಗೆ ಸ್ತೆಫನಿದಾ ಊರಿನ ಮನೆಯ ಗೇಟಿನ ಮುಂದೆ ನೀರು ಚೆಲ್ಲಿ, ಆ ಸದ್ದನ್ನು ಫೋನಿನಲ್ಲಿ ಮಗಳಿಗೆ ಕೇಳಿಸುತ್ತಿದ್ದಳು. ಜೂನ್‌ನಲ್ಲಿ ಚೆಲ್ಲಿದ ನೀರನ್ನು ಮಗಳೇ ಹಾಳುಮಾಡಿದಳು. ಇವತ್ತು ಮಗಳಿಗೆ ಪರೀಕ್ಷೆ ಇದೆಯೆಂಬುದೇ ತಾಯಿಗೆ ಗೊತ್ತಿಲ್ಲ. ವೈದ್ಯೆಯಾಗುವವಳು ಇದನ್ನೆಲ್ಲ ನಂಬುತ್ತಾಳೆಯೇ ಎಂದು ನೀವು ನಗಬಹುದು. ಆ ಊರಿನ ವೈದ್ಯರೂ ನಂಬುತ್ತಾರೆ.

ಬೆಳಗ್ಗೆ ಏಳೂವರೆಗೆ ಇಳಿದು ಬಂದಾಗ ಅವಳ ಮುಖ ಸುಣ್ಣ ಬಳಿದಂತಿತ್ತು. ಹಾಸ್ಟೆಲಿನ ಬಾಗಿಲು ಕಾಯುವ, ಎಲ್ಲರೂ ಚಿಕ್ಕಮ್ಮ ಎನ್ನುವ ನೆದ್ಯಲ್ಕಾ ಗಾಜಿನ ಗೂಡಿನಿಂದ ತಲೆ ಹೊರಹಾಕಿ, ನಿಮ್ಮಮ್ಮ ನೀರು ಚೆಲ್ಲಿದಳಾ ಎಂದು ಕೇಳಿದಳು. ವರ್ವಾರಾ ತಲೆ ತಗ್ಗಿಸಿದಳು. ಚಿಕ್ಕಮ್ಮ ಮತ್ತೇನೂ ಕೇಳದೆ ಕಾಫಿ ಮಗ್ಗಿನ ತುಂಬ ನೀರು ತಂದು ಮೆಟ್ಟಿಲ ಮೇಲೆ ಚೆಲ್ಲಿದಳು. "ಹೋಗು, ತಿರುಗಿ ನೋಡ್ಬೇಡ. ಇಪ್ಪತ್ತೆರಡು ವರ್ಷದಿಂದ ಚೆಲ್ತಾ ಇದೀನಿ, ನನ್ನ ಕೈ ನೀರು ಒಳ್ಳೇದು," ಎಂದಳು. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ವರ್ವಾರಾಳಿಗೆ ಉಸಿರು ಬಂದಂತಾಯಿತು.

ಬಸ್ ನಿಲ್ದಾಣದಲ್ಲಿ ಚೀಲಕ್ಕೆ ಕೈ ಹಾಕಿದಾಗ, ಪ್ರತಿ ಪರೀಕ್ಷೆಯಲ್ಲೂ ಪ್ರೊಫೆಸರರು ಅಂಕ ಬರೆದುಕೊಡುವ ಪುಸ್ತಕ ಇರಲಿಲ್ಲ. ರಾತ್ರಿ ಅದರಿಂದ ಕಿತ್ತುಬಂದಿದ್ದ ತನ್ನ ಫೋಟೊ ಅಂಟಿಸಿ, ಒಣಗಲೆಂದು ಮೇಜಿನ ಮೇಲೇ ಬಿಟ್ಟಿದ್ದಳು. ಅದಿಲ್ಲದೆ ಗರ್ವಾಲೋವ್ ದೇವರನ್ನೂ ಒಳಗೆ ಬಿಡುವವರಲ್ಲ. ತಿರುಗಿ ಹೋದರೆ ನೀರು ಸುಳ್ಳಾಗುತ್ತದೆ, ಹೋಗದಿದ್ದರೆ ಪರೀಕ್ಷೆಯೇ ಇಲ್ಲ. ಯಾರಿಗಾದರೂ ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಅನಿಸಬಹುದು. ಅವಳು ಮಾತ್ರ ನಿಂತೇ ಇದ್ದಳು. ಒಂದು ಬಸ್ಸು ಬಂದು ಹೋಯಿತು. ಇನ್ನೊಂದೂ ಹೋಯಿತು. ಮೂರನೆಯ ಬಸ್ಸು ದೂರದಲ್ಲಿ ಕಂಡಾಗ ತಡೆಯಲಾರದೆ ಹಾಸ್ಟೆಲಿನ ಕಡೆ ಓಡಿದಳು. ಹಿಂದಿನ ಬಾಗಿಲಿಗೆ ಬೀಗ. ಮೆಟ್ಟಿಲು ಇನ್ನೂ ಒದ್ದೆಯಾಗಿಯೇ ಇತ್ತು. ಅದನ್ನೇ ದಾಟಬೇಕಾಯಿತು.

ಪುಸ್ತಕ ಹಿಡಿದು ಇಳಿದು ಬಂದವಳನ್ನು ಕಂಡು ನೆದ್ಯಲ್ಕಾ ಶಿಲುಬೆಯ ಗುರುತು ಹಾಕಿಕೊಂಡಳು. ಇನ್ನೊಂದು ಸಲ ಚೆಲ್ಲಿ ಎಂದು ವರ್ವಾರಾ ಗೋಗರೆದಳು.

"ಒಂದು ಪಯಣಕ್ಕೆ ಒಂದೇ ನೀರು, ಮಗೂ. ಇನ್ನು ದೇವರು ನೋಡ್ಕೋತಾನೆ," ಎಂದು ಚಿಕ್ಕಮ್ಮ ಗಾಜನ್ನು ಎಳೆದುಕೊಂಡಳು.

ಅದೇ ಕಾರಿಡಾರು, ಅದೇ ಬಾಗಿಲು, ಅದೇ ಔಷಧಿ ವಾಸನೆ. ಎಂಟು ಜನ ಗೋಡೆಗೆ ಒರಗಿ ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ವರ್ವಾರಾಳ ಕಣ್ಣು ಮೆಟ್ಟಿಲ ಕಡೆಗೇ ಹೋಗುತ್ತಿತ್ತು. ಇಳಿದುಬಿಟ್ಟರೆ ಹತ್ತು ನಿಮಿಷದಲ್ಲಿ ಎದೆಬಡಿತ ಸರಿಹೋಗುತ್ತದೆ, ಅದು ಅವಳಿಗೆ ಅನುಭವದಿಂದ ಗೊತ್ತಿತ್ತು. ಇಳಿದ ಮೇಲೆ ಮೂರು ತಿಂಗಳು ನಿದ್ದೆ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಹೆಸರು ಕರೆದರು. ಒಳಗೆ ಹೋದದ್ದು ಧೈರ್ಯದಿಂದಲ್ಲ. ಹಿಂದೆ ನಿಂತಿದ್ದ ಹುಡುಗ ಬಾಗಿಲು ತೆರೆದು ಹಿಡಿದಿದ್ದ, ಅವನೆದುರು ಓಡಲು ನಾಚಿಕೆಯಾಯಿತು.

ಹಸಿರು ಬಟ್ಟೆಯ ಮೇಲೆ ಪ್ರಶ್ನೆಯ ಚೀಟಿಗಳನ್ನು ಮಗುಚಿ ಇಟ್ಟಿದ್ದರು. ಅವಳು ಎತ್ತಿದ ಚೀಟಿಯಲ್ಲಿ ಮೊಣಕೈ ಕೀಲು ಎಂದಿತ್ತು. ಗರ್ವಾಲೋವ್ ತಲೆ ಎತ್ತದೆ ಒಂದು ಮೂಳೆಯನ್ನು ಅವಳ ಕೈಗಿಟ್ಟರು. ಅವಳು ಬಾಯಿ ತೆರೆದಾಗ ಹೊರಬಂದದ್ದು ಮುತ್ತಜ್ಜಿಯ ಮಾತೇ. ಪಕ್ಕದಲ್ಲಿದ್ದ ಸಹಾಯಕಿ ಮುಗುಳ್ನಕ್ಕಳು. ವರ್ವಾರಾ ತಡವರಿಸಿದಳು.

"ಮುಂದೆ," ಎಂದರು ಗರ್ವಾಲೋವ್.

ಅವಳು ಮುಂದೆ ಹೇಳಿದಳು. ಒಂದು ನರದ ಹೆಸರು ಮರೆತಳು, ಇನ್ನೊಂದನ್ನು ತಪ್ಪು ಹೇಳಿದಳು. ಪ್ರತಿ ಸಲವೂ ಅದೇ ಒಂದು ಮಾತು, ಮುಂದೆ. ಇದೇ ಕೊನೆ, ಇನ್ನು ಹೊರಗೆ ಕಳಿಸುತ್ತಾರೆ ಎಂದು ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಅವರು ಪುಸ್ತಕ ಎಳೆದುಕೊಂಡು ಏನೋ ಗೀಚಿ ವಾಪಸು ತಳ್ಳಿದರು. ಬಾಗಿಲಾಚೆ ಬಂದು ಗೋಡೆ ಹಿಡಿದುಕೊಂಡ ಮೇಲೇ ಅವಳು ಅದನ್ನು ತೆರೆದು ನೋಡಿದ್ದು. ಮೂರು. ಆರಕ್ಕೆ ಮೂರು, ಪಾಸು.

ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ತಾಯಿಗೆ ಫೋನ್ ಮಾಡಿದಳು. ಈ ಸಲದ ಭಯ ಬೇರೆ ಥರದ್ದು. ಗರ್ವಾಲೋವ್ ಎದುರು ತಡೆದುಕೊಂಡಿದ್ದ ಅಳು ಇಲ್ಲಿ ನಿಲ್ಲಲಿಲ್ಲ. ಜೂನ್‌ನಲ್ಲಿ ಹೇಳಿದ್ದು ಸುಳ್ಳು, ಓಡಿಹೋಗಿದ್ದೆ, ಪರೀಕ್ಷೆ ಮುಗಿದದ್ದು ಇವತ್ತು, ಬಂದದ್ದು ಮೂರು ಎಂದು ಒಂದೇ ಉಸಿರಿಗೆ ಹೇಳಿದಳು.

"ಮೂರಾ? ಹತ್ತಕ್ಕಾ?" ಎಂದಳು ಸ್ತೆಫನಿದಾ. ಅವರ ಊರಿನಲ್ಲಿ ಅಂಕ ಹತ್ತಕ್ಕೆ.

"ಆರಕ್ಕಮ್ಮ. ಪಾಸು."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. "ನಂಗೆ ಗೊತ್ತಿತ್ತು ಕಣೇ ವಾರ್ಯಾ. ಹುಟ್ಟಿದಾಗಿಂದ ಒಂದು ದಿನ ನೀನು ಮಳೆ ವಿಚಾರ ಕೇಳಿದೋಳಲ್ಲ. ಅವತ್ತು ಕೇಳಿದೆ."

"ಮತ್ತೆ ಯಾಕಮ್ಮ ಸುಮ್ನಿದ್ದೆ?"

"ಬೈದಿದ್ರೆ ಇನ್ನೂ ದೂರ ಓಡ್ತಿದ್ದೆ. ಪರೀಕ್ಷೆ ಯಾವತ್ತು ಅಂತ ನೀನು ಹೇಳ್ಲಿಲ್ಲ. ಅದಕ್ಕೆ ದಿನಾ ಬೆಳಗ್ಗೆ ಗೇಟ್ ಮುಂದೆ ಚೆಲ್ತಿದ್ದೆ. ಆಗಸ್ಟಲ್ಲಿ ಬಾವಿ ಬತ್ತಿಹೋಯ್ತು, ಆಗ ಒಂದೊಂದೇ ಲೋಟ ಚೆಲ್ದೆ. ಇವತ್ತೂ ಚೆಲ್ಲಿದೀನಿ."