ಇಪ್ಪತ್ತು ಸೆಕೆಂಡಿನ ನಂತರ ಬಂದ ಹಳೆಯ ಉತ್ತರ

೨೦೦೧ರಲ್ಲಿ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲ್ಯಾಬ್ ಸಹಾಯಕಿಯಾಗಿದ್ದೆ. ಪಂಪಿನ ಕವಚಗಳನ್ನು ಎರಕ ಹೊಯ್ಯುವ ಕಾರ್ಖಾನೆ ಅದು. ಕರಗಿದ ಕಬ್ಬಿಣದ ಮಾದರಿ ಪರೀಕ್ಷಿಸಿ, ಬಂದ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಕಂಪ್ಯೂಟರ್ ಕೋರ್ಸ್ ಮಾಡಿದವಳು ಅಲ್ಲಿ ನಾನೊಬ್ಬಳೇ. ಹೀಗಾಗಿ ಆ ವರ್ಷ ತಂದ ಹೊಸ ಪ್ರೋಗ್ರಾಮಿನ ಜವಾಬ್ದಾರಿಯೂ ನನ್ನ ಮೇಲೆಯೇ ಬಿತ್ತು.

ಹಳೆಯ ನೂರಾರು ಹೀಟ್‌ಗಳ, ಅಂದರೆ ಭಟ್ಟಿಯಲ್ಲಿ ಒಮ್ಮೆಗೆ ಕರಗಿಸಿದ ಕಬ್ಬಿಣದ, ಅಂಕಿಗಳನ್ನು ನೋಡಿ ಕಲಿತ ಪ್ರೋಗ್ರಾಮು ಅದು. ಈ ಕಬ್ಬಿಣ ಹೊಯ್ದರೆ ಎರಕ ಸರಿಯಾಗಿ ಬರುತ್ತದೋ, ಅಂಚು ಗಡುಸಾಗುತ್ತದೋ ಎಂದು ಮೊದಲೇ ಹೇಳುತ್ತಿತ್ತು. ಲ್ಯಾಬಿನ ಕಂಪ್ಯೂಟರ್ ಲೆಕ್ಕ ಮಾಡಿದರೆ ಭಟ್ಟಿಯ ಪಕ್ಕದ ಪರದೆಯ ಮೇಲೆ ಗಡುಸಿನ ಅಂದಾಜು ಅಂಕಿಯ ಜೊತೆ ‘ಹೊಯ್ಯಿರಿ’ ಅಥವಾ ‘ತಡೆಯಿರಿ’ ಎಂದು ಮೂಡುತ್ತಿತ್ತು; ಪರದೆಯಲ್ಲಿ ಬಂದದ್ದೇ ದಿನದ ಹಾಳೆಯಲ್ಲೂ ಅಚ್ಚಾಗುತ್ತಿತ್ತು.

ಕಬ್ಬಿಣ ಕಾಯುವುದಿಲ್ಲ. ಆದ್ದರಿಂದ ಪರದೆ ಎಷ್ಟು ಹೊತ್ತು ಉತ್ತರಕ್ಕೆ ಕಾಯಬೇಕು ಎಂದು ನಾವು ಗೊತ್ತುಮಾಡಬೇಕಿತ್ತು. ಇದಕ್ಕೆ ಟೈಮ್‌ಔಟ್ ಎನ್ನುತ್ತಾರೆ. ಹದಿನೈದು ದಿನ ಪ್ರತಿ ಹೀಟಿಗೂ ಗಡಿಯಾರ ಹಿಡಿದು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಹೆಚ್ಚಿನವು ಎಂಟು ಸೆಕೆಂಡು, ಅತಿ ತಡವಾದದ್ದು ಹದಿನಾಲ್ಕು. ಇಪ್ಪತ್ತು ಎಂದು ಇಟ್ಟೆ.

ಇಪ್ಪತ್ತರೊಳಗೆ ಉತ್ತರ ಬರದಿದ್ದರೆ ಪರದೆಯ ಮೇಲೆ ಏನಿರಬೇಕು? ಎರಕದ ವಿಭಾಗ ನೋಡಿಕೊಳ್ಳುತ್ತಿದ್ದ ಪಾಟೀಲರನ್ನು ಕೇಳಿದೆ.

“ಖಾಲಿ ಬಿಟ್ರ ಮಂದಿ ಗಾಬರಿ ಆಗ್ತಾರ. ಹಿಂದಿನ ಹೀಟಿಂದs ಇರ್ಲಿ ಬಿಡ್ರಿ, ಎಲ್ಲಾ ಹೆಚ್ಚು ಕಡಿಮಿ ಒಂದs ಇರ್ತಾವ,” ಅಂದರು.

ನನಗೂ ಸರಿ ಎನಿಸಿತು. ಪ್ರೋಗ್ರಾಮಿನಲ್ಲಿ ಹಾಗೆಂದು ಒಂದು ಸಾಲು ಬರೆದು ಊಟದ ಡಬ್ಬಿ ತೆರೆದೆ.

ಭಟ್ಟಿಯ ಮುಂದೆ ಇದ್ದವರು ದಸ್ತಗೀರ ಚಾಚಾ. ಖಾನಾಪುರದವರು, ಮೂವತ್ತು ವರ್ಷದ ಅನುಭವ. ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದರು; ನಾನು ಪೀರನವಾಡಿಯಲ್ಲಿ ಹತ್ತಿದರೆ ಸರಿದು ಜಾಗ ಕೊಡುತ್ತಿದ್ದರು. ಪ್ರೋಗ್ರಾಮು ಬರುವ ಮೊದಲು ಅವರು ಸ್ವಲ್ಪ ಕಬ್ಬಿಣವನ್ನು ಬೆಣೆಯಾಕಾರದ ಅಚ್ಚಿಗೆ ಹೊಯ್ದು, ಒಡೆದು, ಒಳಗಿನ ಬಿಳುಪು ನೋಡಿ ಗುಣ ಹೇಳುತ್ತಿದ್ದರು. ಹೊಯ್ಯುವ ಮುನ್ನ ಗಡುಸು ತಗ್ಗಿಸುವ ಪುಡಿಯನ್ನು ಲ್ಯಾಡಲಿಗೆ, ಅಂದರೆ ಕರಗಿದ ಕಬ್ಬಿಣ ಹೊಯ್ಯುವ ಪಾತ್ರೆಗೆ, ಹಾಕುವವರೂ ಅವರೇ.

“ನಿಮ್ಮ ಡಬ್ಬಿ ಚಾ ಕುಡದs ಉತ್ತರಾ ಕೊಡ್ತೈತೇನ್ರಿ ಬಾಯಾರ?” ಎಂದು ಪರದೆ ತೋರಿಸಿ ಮೊದಮೊದಲು ಕಾಡಿಸುತ್ತಿದ್ದರು. ಆದರೆ ಎರಡು ಸಲ ಅವರ ಕಣ್ಣು ತಪ್ಪಿ ಡಬ್ಬಿಯ ಉತ್ತರವೇ ಸರಿಯಾಯಿತು. ಆಮೇಲೆ ಸಮಯ ಉಳಿಸಲು ಬೆಣೆ ಒಡೆಯುವುದು ಬೇಡವೆಂದು ಪಾಟೀಲರು ಹೇಳಿದಾಗ ಚಾಚಾ ಆ ಅಚ್ಚನ್ನು ಎತ್ತಿಟ್ಟರು.

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ಹೊಯ್ದ ನಲವತ್ತು ಕವಚಗಳು ಮೂರು ವಾರದ ನಂತರ ಗಿರಾಕಿಯಿಂದ ಹಿಂದೆ ಬಂದವು. ಅಂಚು ಗಾಜಿನಂತೆ ಗಡುಸಾಗಿ, ಕೊರೆಯುವ ಹತ್ಯಾರಗಳೇ ಮುರಿದಿದ್ದವು. ವಿಚಾರಣೆಯಾಯಿತು. ನನ್ನ ಅಂಕಿಗಳು ಒಂದೊಂದಾಗಿ ಮಿತಿಯೊಳಗೇ ಇದ್ದವು. ಪ್ರೋಗ್ರಾಮಿನ ಹಾಳೆ ‘ಹೊಯ್ಯಿರಿ’ ಎಂದಿತ್ತು. ಹಾಗಾದರೆ ಕಬ್ಬಿಣ ಸರಿಯಿತ್ತು, ಪುಡಿ ಹಾಕಲು ಮರೆತಿರಬೇಕು ಎಂದು ತೀರ್ಮಾನವಾಯಿತು.

“ಹಾಕೀನ್ರೀ,” ಅಂದರು ಚಾಚಾ. ನೋಡಿದವರು ಯಾರು ಎಂದು ವಿಚಾರಣೆಗೆ ಕೂತವರು ಕೇಳಿದರು. ಯಾರೂ ಇರಲಿಲ್ಲ. ಮತ್ತೆ ಮತ್ತೆ ಕೇಳಿದಾಗ ಅವರ ದನಿ ಸಣ್ಣದಾಯಿತು. “ಹಾಕಿರಬೇಕು,” ಅಂದರು. ರಿಜಿಸ್ಟರಿನಲ್ಲಿ ‘ಭಟ್ಟಿಯವರ ಮರೆವು’ ಎಂದು ಬರೆದು, ಅವರನ್ನು ಮರಳು ಸೋಸುವ ಕಡೆಗೆ ಹಾಕಿದರು. ನಾಲ್ಕು ದಿನ ಬಂದರು. ಐದನೆಯ ದಿನ ಬಸ್ಸಿನಲ್ಲಿ ಅವರಿರಲಿಲ್ಲ.

ಆರು ವಾರ ಕಳೆದ ಮೇಲೆ ಹಳೆಯ ಹಾಳೆಗಳನ್ನು ಫೈಲಿಗೆ ಹಾಕುತ್ತಿದ್ದಾಗ ಒಂದು ಕಡೆ ನನ್ನ ಕೈ ನಿಂತಿತು. ಆ ನಲವತ್ತು ಕವಚ ಹೊಯ್ದ ದಿನದ ಎರಡನೆಯ ಮತ್ತು ಮೂರನೆಯ ಹೀಟಿನ ಮುನ್ಸೂಚನೆ, ದಶಾಂಶದ ಎರಡನೆಯ ಸ್ಥಾನದವರೆಗೆ ಒಂದೇ ಇತ್ತು. ಎರಡು ಹೀಟು ಹಾಗೆ ಎಂದೂ ಬರುವುದಿಲ್ಲ. ನನ್ನ ನೋಟುಬುಕ್ಕು ತೆರೆದೆ. ‘ತಿಂಗಳ ವರದಿ ಪ್ರಿಂಟ್, ೨.೪೦ರಿಂದ ೩.೦೫’ ಎಂದು ನನ್ನದೇ ಅಕ್ಷರದಲ್ಲಿತ್ತು. ಆ ಕವಚಗಳನ್ನು ಹೊಯ್ದ ಮೂರನೆಯ ಹೀಟು ೨.೫೦ಕ್ಕೆ. ಪ್ರಿಂಟಿನ ಭಾರಕ್ಕೆ ಕಂಪ್ಯೂಟರ್ ನಿಧಾನವಾಗಿ, ಇಪ್ಪತ್ತು ಸೆಕೆಂಡು ದಾಟಿ, ಪರದೆ ಹಿಂದಿನ ಹೀಟಿನ ಉತ್ತರವನ್ನೇ ತೋರಿಸಿತ್ತು. ಆ ಹೀಟಿನ ಅಂಕಿಗಳನ್ನು ಮತ್ತೆ ತುಂಬಿದೆ. ಒಂಬತ್ತು ಸೆಕೆಂಡಿಗೆ ‘ತಡೆಯಿರಿ’ ಎಂದು ಬಂತು. ಎಂದಿನಷ್ಟು ಪುಡಿ ಹಾಕಿದ್ದರೂ ಆ ಕಬ್ಬಿಣಕ್ಕೆ ಸಾಲುವಂತಿರಲಿಲ್ಲ; ಚಾಚಾ ಮರೆತರು ಎನ್ನಲು ಕಾರಣವೇ ಉಳಿಯಲಿಲ್ಲ.

ಪಾಟೀಲರಿಗೆ ತೋರಿಸಿದೆ. ಎರಡೂ ಅಂಕಿಗಳ ಮೇಲೆ ಬೆರಳಿಟ್ಟು ನೋಡಿದರು. “ಹೋಗಿ ಕರಕೊಂಡ ಬರ್ರಿ. ಭಟ್ಟಿಗೇ ಬರಾಕ ಹೇಳ್ರಿ,” ಅಂದರು.

ಭಾನುವಾರ ಖಾನಾಪುರಕ್ಕೆ ಹೋದೆ. ಚಾಚಾ ಹೊರಗೆ ಹೋಗಿದ್ದರು. ಚಾಚಿ ಚಹಾ ಕೊಟ್ಟು, ಮೆಲ್ಲಗೆ ಹೇಳಿದರು: ಇತ್ತೀಚೆಗೆ ಬಾಗಿಲ ಚಿಲಕವನ್ನು ಮೂರು ಸಲ ನೋಡುತ್ತಾರೆ, ನಮಾಜಿನಲ್ಲಿ ಎಷ್ಟು ರಕಾತ್, ಎಷ್ಟು ಸುತ್ತು ಆಯಿತೆಂದು ಸಂಶಯ ಬಂದು ಮತ್ತೆ ನಿಲ್ಲುತ್ತಾರೆ. ಚಾಚಾ ಬಂದು ಕೂತ ಮೇಲೆ ಎಲ್ಲವನ್ನೂ ಹೇಳಿದೆ. ಪ್ರಿಂಟ್ ಕೊಟ್ಟವಳು ನಾನು, ಹಳೆಯ ಉತ್ತರ ತೋರಿಸೆಂದು ಬರೆದವಳೂ ನಾನು ಎಂದೂ ಹೇಳಿದೆ.

“ಅಂದ್ರ ಪುಡಿ ಹಾಕಿದ್ನೆ ನಾ?”

“ಹಾಕಿದ್ರಿ ಚಾಚಾ.”

ಅವರು ತಮ್ಮ ಅಂಗೈ ನೋಡಿಕೊಂಡರು. “ನನಗ ನೆಪ್ಪs ಬರವಲ್ದು ತಂಗಿ. ಹಾಕಿಲ್ಲ, ಹಾಕಿಲ್ಲ ಅಂತ ಇಷ್ಟ ದಿನಾ ಅಂದಕೊಂಡು, ಹಾಕಿದ ಕೈನs ಮರತೈತಿ.”

ಪಾಟೀಲರು ಕರೆದಿದ್ದಾರೆ ಎಂದೆ. ಒಲ್ಲೆನೆಂದು ತಲೆಯಾಡಿಸಿದರು.

“ಬೆಂಕಿ ಮುಂದ ಸಂಶೇದ ಮನಷ್ಯಾ ನಿಂದರಬಾರ್ದು. ನನಗ ಏನರ ಆಗ್ಲಿ, ಬಾಜುದವನ ಮ್ಯಾಲ ಬಿದ್ರ?” ಆಮೇಲೆ ಸಿಟ್ಟಿಲ್ಲದೆ ಕೇಳಿದರು: “ಆ ಡಬ್ಬಿಗೆ ಗೊತ್ತಿಲ್ಲ ಅನ್ನಾಕ ಯಾಕ ಕಲಿಸ್ಲಿಲ್ರಿ ನೀವು?”

ನಾನು ಹೊರಡಲು ಎದ್ದೆ. ಬಸ್‌ಸ್ಟ್ಯಾಂಡಿನ ತನಕ ಚಾಚಾ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು.

ಸೋಮವಾರ ಪ್ರೋಗ್ರಾಮಿನ ಆ ಒಂದು ಸಾಲನ್ನು ಬದಲಿಸಿದೆ. ಇಪ್ಪತ್ತು ಎಂಬ ಅಂಕಿಯನ್ನು ಮುಟ್ಟಲಿಲ್ಲ. ಅದು ಸರಿಯಾಗಿಯೇ ಇತ್ತು. ಅದು ಮೀರಿದರೆ ಇನ್ನು ಮುಂದೆ ‘ಉತ್ತರ ಬಂದಿಲ್ಲ’ ಎಂದು ಕೆಂಪಕ್ಷರದಲ್ಲಿ ಮೂಡುತ್ತಿತ್ತು. ರಿಜಿಸ್ಟರಿನ ‘ಮರೆವು’ ಎಂಬುದನ್ನು ಹೊಡೆದುಹಾಕಿ, ನಡೆದದ್ದನ್ನು ಬರೆದು ಸಹಿ ಮಾಡಿದೆ. ಚಾಚಾ ಮರಳಿ ಬರಲಿಲ್ಲ.

ಆಮೇಲೆ ಬೇರೆ ಕಡೆ ಇಂಥ ಎಷ್ಟೋ ಪ್ರೋಗ್ರಾಮುಗಳನ್ನು ಅಳವಡಿಸಿದ್ದೇನೆ. ಎಷ್ಟು ಸೆಕೆಂಡು ಕಾಯಬೇಕು ಎಂದು ಹೊಸಬರು ಕೇಳುತ್ತಾರೆ. ಗಡಿಯಾರ ಹಿಡಿದು ಅಳೆದರೆ ಅದು ಯಾರಿಗಾದರೂ ಸಿಗುತ್ತದೆ. ಕಾದದ್ದು ಮುಗಿದ ಮೇಲೆ ಎದುರಿಗಿರುವ ಮನುಷ್ಯನಿಗೆ ಏನು ಹೇಳುತ್ತೀರಿ, ಅದನ್ನು ಮೊದಲು ಬರೆಯಿರಿ ಎನ್ನುತ್ತೇನೆ. ಅವನು ಅದನ್ನು ನಂಬಿ ತನ್ನ ಕೈಯನ್ನೇ ನಂಬದಂತಾಗಬಹುದು.