ಅತ್ತಿಗೆಯ ಮುಂದಿನ ಹಲ್ಲು

ಅತ್ತಿಗೆ ನಮ್ಮ ಮನೆಗೆ ಬಂದಾಗ ಊರಿನ ಹೆಂಗಸರು ಮೊದಲು ಆಡಿದ್ದು ಅವಳ ಹಲ್ಲಿನ ಮಾತು. ಬಣ್ಣ ಸಾಧಾರಣ, ಮೈ ಸಣ್ಣದು, ಆದರೆ ಅವಳು ನಕ್ಕರೆ ಎದುರಿಗಿದ್ದವರೂ ನಗುತ್ತಿದ್ದರು. ನನ್ನವು ಉಬ್ಬುಹಲ್ಲು. ಆಗ ನನಗೆ ಹದಿನಾಲ್ಕು. ಯಾರಾದರೂ ಮನೆಗೆ ಬಂದರೆ ಅವ್ವ ನನ್ನ ಗದ್ದ ಹಿಡಿದು, "ಸೊಸೆ ಹಲ್ಲಲ್ಲಿ ಎರಡು ಇವಳಿಗೆ ಬಂದಿದ್ರೆ ನನ್ ಕಷ್ಟ ಕಳೀತಿತ್ತು," ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅತ್ತಿಗೆಯೂ ನಗುತ್ತಿದ್ದಳು. ಉಳಿದವರು ನಕ್ಕಿದ್ದನ್ನು ಮರೆತೆ, ಅವಳು ನಕ್ಕಿದ್ದನ್ನು ಮರೆಯಲಿಲ್ಲ.

ಸಿಂಗಟಗೆರೆಯ ನಮ್ಮ ಹಿತ್ತಲ ಬಾವಿ ಆಳ. ಬೇಸಗೆಯಲ್ಲಿ ನೀರು ಇನ್ನೂ ಕೆಳಗಿಳಿದು, ದೊಡ್ಡ ತಾಮ್ರದ ಕೊಡವನ್ನು ಒಬ್ಬರೇ ಸೇದಲು ಆಗುತ್ತಿರಲಿಲ್ಲ. ಕಟ್ಟೆಯ ಹತ್ತಿರ ಅತ್ತಿಗೆ, ಅವಳ ಹಿಂದೆ ನಾನು, ಇಬ್ಬರೂ ಒಂದೇ ಹಗ್ಗ ಹಿಡಿದು ಎಳೆಯುತ್ತಿದ್ದೆವು. ಒಂದು ಬೆಳಿಗ್ಗೆ ತುಂಬಿದ ಕೊಡ ಅರ್ಧ ದಾರಿಗೆ ಬಂದಿದ್ದಾಗ ನಾನು ಹಗ್ಗ ಬಿಟ್ಟೆ.

ಕೈ ಜಾರಿದ್ದಲ್ಲ, ಬಿಟ್ಟೆ. ಅವಳ ಅಂಗೈ ಉರಿಯಲಿ, ಒಂದು ಸಲ ಹೆದರಲಿ, ಅಷ್ಟೇ ನನಗೆ ಬೇಕಾಗಿದ್ದದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಗ್ಗ ಅವಳನ್ನು ಮುಂದಕ್ಕೆ ಸೆಳೆದುಕೊಂಡಿತು. ರಾಟೆ ನಿಲ್ಲಿಸಿದ್ದ ಕಲ್ಲುಕಂಬಕ್ಕೆ ಬಾಯಿ ಬಡಿಯಿತು. ಕಂಬ ಅಡ್ಡ ಇಲ್ಲದಿದ್ದರೆ ಬಾವಿಯೊಳಕ್ಕೇ ಹೋಗುತ್ತಿದ್ದಳು.

ಅವ್ವ ಓಡಿ ಬಂದಳು. ಅವಳು ಕೇಳುವ ಮೊದಲೇ ನಾನು, "ಕಾಲು ಜಾರಿ ಬಿದ್ಲು ಕಣವ್ವ," ಅಂದೆ. ಅತ್ತಿಗೆಯ ಬಾಯ ತುಂಬ ರಕ್ತ. ಮಾತಾಡಲು ಆಗದೆ ನನ್ನನ್ನೇ ನೋಡಿದಳು. ಅವಳಿಗೆ ಮಾತು ಬರುವ ಹೊತ್ತಿಗೆ ನನ್ನ ಮಾತು ಮನೆಯಲ್ಲೆಲ್ಲ ನಿಂತುಬಿಟ್ಟಿತ್ತು.

ಒಡೆದ ತುಟಿ ವಾರದಲ್ಲಿ ಕೂಡಿಕೊಂಡಿತು. ಏಟು ತಿಂದ ಮುಂದಿನ ಹಲ್ಲು ಬೀಳಲಿಲ್ಲ. ಬಿದ್ದಿದ್ದರೆ ಅವಳ ನೋವನ್ನು ಜನ ನಂಬುತ್ತಿದ್ದರು. ಅದು ನೆಟ್ಟಗೆ ನಿಂತುಕೊಂಡೇ ಅವಳನ್ನು ತಿನ್ನತೊಡಗಿತು. ಬಿಸಿ ತಾಗಬಾರದು, ತಣ್ಣಗಿನದು ತಾಗಬಾರದು, ಚಳಿಗಾಲದಲ್ಲಿ ಬಾಯಿ ತೆರೆದು ಉಸಿರು ಎಳೆಯುವ ಹಾಗೂ ಇಲ್ಲ. ನಿಧಾನವಾಗಿ ಹಲ್ಲಿಗೆ ಬೂದಿ ಬಣ್ಣ ಬಂತು. ಊಟಕ್ಕೆ ಕೂತು ಅವಳು ಕೆನ್ನೆ ಹಿಡಿದುಕೊಂಡರೆ ಅವ್ವ, "ಮುದ್ದೆ ನುಂಗೋದು, ಅಗಿಯೋದಲ್ಲ. ಅದಕ್ಕೂ ಹಲ್ಲು ಬೇಕೇನೇ?" ಅನ್ನುತ್ತಿದ್ದಳು. ಅಣ್ಣ ತಲೆ ಎತ್ತದೆ ಉಣ್ಣುತ್ತಿದ್ದ. ನಾನು ಒಮ್ಮೆ, "ಕೆಲಸ ಇದ್ದಾಗಲೇ ನೋವು ಬತ್ತದೆ," ಅಂದೆ. ಅವ್ವ ನಕ್ಕಳು. ನನಗೆ ಖುಷಿಯಾಯಿತು.

ಲವಂಗದ ಎಣ್ಣೆ ಹಚ್ಚಲು ಅತ್ತಿಗೆ ನನ್ನನ್ನೇ ಕರೆಯುತ್ತಿದ್ದಳು. "ಇವಳ ಕೈಯೇ ಆಗ್ಬೇಕು," ಅನ್ನುತ್ತಿದ್ದಳು. ನೋಡಿದವರು, ನಾದಿನಿ ಅತ್ತಿಗೆ ಅಂದ್ರೆ ಹಿಂಗಿರಬೇಕು ಅಂದರು. ದಿನಾ ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ಬಾಯಿ ತೆರೆದು ಕೂರುತ್ತಿದ್ದಳು. ನಾನು ಅರಳೆ ಅದ್ದಿ ಒಸಡಿಗೆ ಒತ್ತಬೇಕು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಅವಳು ರೆಪ್ಪೆ ಮುಚ್ಚದೆ ನನ್ನ ಕಣ್ಣನ್ನೇ ನೋಡುತ್ತಿದ್ದಳು. "ಇನ್ನೂ ಗಟ್ಟಿಯಾಗಿ ಒತ್ತು," ಅನ್ನುತ್ತಿದ್ದಳು.

ಒಂಬತ್ತು ತಿಂಗಳಾದ ಮೇಲೆ ತುಟಿಯಿಂದ ಮೂಗಿನವರೆಗೆ ಊದಿಕೊಂಡಿತು. ಸಂತೆಗೆ ಹೊರಟಿದ್ದ ಅಣ್ಣ ಅವಳನ್ನು ಕಡೂರಿಗೆ ಕರೆದುಕೊಂಡು ಹೋದ. ಜೊತೆಗೆ ನಾನು. ಬಸ್ ನಿಲ್ಲುವ ಕಡೆ ಒಬ್ಬ ವಯಸ್ಸಾದ ಸಾಹೇಬರ ಹಲ್ಲಿನ ಅಂಗಡಿ ಇತ್ತು. ಮರದ ಕುರ್ಚಿ, ಒಂದು ಕನ್ನಡಿ, ಗಾಜಿನ ಭರಣಿಯಲ್ಲಿ ಕಿತ್ತ ಹಲ್ಲುಗಳು. ಅವರು ಸಣ್ಣ ಕಬ್ಬಿಣದ ಕಡ್ಡಿಯಿಂದ ಆ ಹಲ್ಲನ್ನು ಮೆಲ್ಲಗೆ ತಟ್ಟಿದರು. ಅತ್ತಿಗೆ ಕೂಗಲಿಲ್ಲ. ನನ್ನ ಮಣಿಕಟ್ಟು ಹಿಡಿದಳು, ಬಳೆ ಒಡೆದು ನನ್ನ ಚರ್ಮಕ್ಕೆ ಇಳಿಯಿತು.

"ಹೆಂಗಾಯ್ತಮ್ಮಾ ಇದು?"

"ಇವಳನ್ನ ಕೇಳಿ. ಜೊತೇಲಿದ್ಲು," ಅಂದಳು ಅತ್ತಿಗೆ.

"ಕಾಲು ಜಾರಿ ಬಿದ್ರು," ಅಂದೆ.

ಸಾಹೇಬರು ಅಣ್ಣನ ಕಡೆ ತಿರುಗಿದರು. "ಏಟು ಬಿದ್ದಾಗ್ಲೇ ಹಲ್ಲು ಒಳಗೆ ಸತ್ತೋಗೈತೆ. ಬೇರಲ್ಲಿ ಕೀವು ಐತೆ. ಈಗ ನಾನು ಮುಟ್ಟಲ್ಲ. ತರೀಕೆರೇಲಿ ಇಂಜೆಕ್ಷನ್ ಕೊಟ್ಟು ಮಾಡೋ ಡಾಕ್ಟ್ರು ಅವ್ರೆ, ಈ ವಾರದಾಗೆ ಕರ್ಕೊಂಡೋಗಿ. ಬಿಟ್ರೆ ಅಕ್ಕಪಕ್ಕದ್ದೂ ಹೋಗ್ತವೆ."

"ಕಣದಲ್ಲಿ ರಾಗಿ ಬಿದ್ದೈತೆ ಸಾಹೇಬ್ರೇ. ಇಲ್ಲೇ ಕಿತ್ತಾಕಿ."

"ಆ ಪಾಪ ನಂಗೆ ಬ್ಯಾಡ."

ವಾಪಸ್ ಬರುವಾಗ ಅಣ್ಣ ಬಸ್ಸಿನಲ್ಲಿ ಮುಂದೆ ಗಂಡಸರ ಜೊತೆ ಕೂತ. ಹಿಂದಿನ ಸೀಟಿನಲ್ಲಿ ಅತ್ತಿಗೆ ಊದಿದ ತುಟಿ ಅಲುಗಾಡಿಸದೆ ಮಾತಾಡಿದಳು.

"ನೀನು ಬಿಟ್ಟಿದ್ದು ನಂಗೆ ಗೊತ್ತು ಕಣೇ. ಭಾರ ಎಲ್ಲ ಇದ್ದಕ್ಕಿದ್ದಂಗೆ ನನ್ ಕೈಗೆ ಬಂತು. ನಾನು ಹೇಳಿದ್ರೆ ಯಾರು ನಂಬ್ತಾರೆ? ನೀನೇ ನಿಮ್ಮವ್ವನಿಗೆ ಹೇಳು. ನಮ್ ಹುಡುಗಿ ಮಾಡಿದ್ದು ಅಂತ ಗೊತ್ತಾದ್ರೆ ತರೀಕೆರೆಗೆ ಕಳಿಸ್ತಾರೆ. ಬೈಯಲ್ಲ ನಿನ್ನ. ಹೇಳು."

ನಾನು ಕಿಟಕಿಯಿಂದ ಹೊರಗೆ ನೋಡುತ್ತ ಕೂತೆ.

ಆ ವಾರ ಹೋಯಿತು. ಬಾವು ತಾನಾಗಿ ಒಡೆದು ನೋವು ಇಳಿದಾಗ ಅವ್ವ, "ನೋಡ್ದಾ, ವಾಸಿ ಆಯ್ತು," ಅಂದಳು. ಎರಡು ತಿಂಗಳಲ್ಲಿ ಮತ್ತೆ ಬಂತು. ಈ ಸಲ ಒಂದು ಕಣ್ಣೂ ಮುಚ್ಚಿಹೋಯಿತು, ಜ್ವರ ಬಂತು. ಅವಳು ಒಳಕೋಣೆಯಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ಮಲಗಿದ್ದಳು. ಮೂರನೆಯ ದಿನ ಮಧ್ಯಾಹ್ನ, ಅವ್ವ ನಡುಮನೆಯಲ್ಲಿ ರಾಗಿ ಕೇರುತ್ತಿದ್ದಾಗ ನಾನು ಹೋಗಿ ಹೇಳಿದೆ. ಹಗ್ಗ ನಾನೇ ಬಿಟ್ಟೆ ಅಂದೆ.

ಅವ್ವನ ಮೊರ ನಿಲ್ಲಲಿಲ್ಲ.

"ಅವತ್ತೇ ಗೊತ್ತು," ಅಂದಳು. "ಬಿರುಬೇಸಗೇಲಿ ಕಟ್ಟೆ ಒಣಗಿ ಬಿದ್ದಿತ್ತು, ಎಲ್ಲಿ ಜಾರ್ತಾಳೆ? ಬರೋ ವಾರ ಅಜ್ಜಂಪುರದೋರು ನಿನ್ನ ನೋಡಕ್ಕೆ ಬತ್ತಾರೆ. ಉಬ್ಬುಹಲ್ಲಿನ ಹುಡುಗಿ ಅನ್ನೋದು ಒಂದು ಸಾಕು. ಕೈ ಕೆಟ್ಟದ್ದು ಅನ್ನೋದು ಬ್ಯಾಡ. ಬಾಯ್ ಮುಚ್ಕೊಂಡಿರು."

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಅತ್ತಿಗೆ ಗೋಡೆ ಕಡೆಯಿಂದ ಈ ಕಡೆ ಹೊರಳಿದ್ದು ನನಗೆ ಕಾಣಿಸಿತು. ಅವ್ವನಿಗೂ ಕಾಣಿಸಿರಬೇಕು.

ಮಾರನೆಯ ದಿನ ಯಾವುದೋ ಕೆಲಸಕ್ಕೆ ಅಂತರಘಟ್ಟೆಯಿಂದ ಅತ್ತಿಗೆಯ ಅಪ್ಪ ಗಾಡಿ ಕಟ್ಟಿಕೊಂಡು ಬಂದರು. ಮಗಳ ಮುಖ ನೋಡಿ ಕೊಟ್ಟ ನೀರನ್ನೂ ಕುಡಿಯಲಿಲ್ಲ. ಅದೇ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಕಡೂರಿಗೆ, ಅಲ್ಲಿಂದ ರೈಲಿನಲ್ಲಿ ತರೀಕೆರೆಗೆ ಹೋದರು. ಡಾಕ್ಟರು ಮೂರು ಹಲ್ಲು ತೆಗೆದರು, ಜೊತೆಗೆ ಕೊಳೆತ ಮೂಳೆಯ ಚೂರೊಂದನ್ನು. ಕೀವು ಇದ್ದಲ್ಲಿ ಇಂಜೆಕ್ಷನ್ ಹಿಡಿಯಲಿಲ್ಲವಂತೆ. ಅಪ್ಪನೇ ಭುಜ ಅದುಮಿ ಹಿಡಿದುಕೊಂಡಿದ್ದರಂತೆ.

ತವರಿನಲ್ಲಿ ಎರಡು ತಿಂಗಳಿದ್ದು ಅವಳು ಬಂದಾಗ ನನ್ನ ಮದುವೆ ಗೊತ್ತಾಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮದುವೆಯ ಕೆಲಸವನ್ನೆಲ್ಲ ಮಾಡಿದಳು. ಒಸಡು ಇನ್ನೂ ನೋಯುತ್ತಿದ್ದರೂ ಎಣ್ಣೆ ಹಚ್ಚಲು ನನ್ನನ್ನು ಮತ್ತೆ ಕರೆಯಲಿಲ್ಲ. ಹಲ್ಲು ಕಟ್ಟಿಸುವ ಮಾತು ಬಂದಾಗ ಅಣ್ಣ, "ಯಾರಿಗೆ ತೋರ್ಸಕ್ಕೆ?" ಅಂದ.

ಅಜ್ಜಂಪುರದಿಂದ ಮೊದಲ ಹೆರಿಗೆಗೆ ತವರಿಗೆ ಬಂದೆ. ಅವ್ವನಿಗೆ ಸೊಂಟ ಹಿಡಿದಿತ್ತು. ಬಾಣಂತನವೆಲ್ಲ ಅತ್ತಿಗೆಯದೇ. ಖಾರ ಕುಟ್ಟಿದಳು, ಕೂಸಿಗೆ ಎರೆದಳು, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಮಾತು ಮಾತ್ರ ಬೇಕಾದಷ್ಟೇ. ಒಂದು ದಿನ ಬಚ್ಚಲಲ್ಲಿ ಅವಳು ನನ್ನ ತಲೆಗೆ ನೀರು ಹಾಕುತ್ತಿದ್ದಾಗ ತಡೆಯಲಾರದೆ, "ತಪ್ಪಾಯ್ತು ಅತ್ತಿಗೆ," ಅಂದೆ.

ಚೆಂಬು ಹಂಡೆಯೊಳಗೆ ಮುಳುಗಿದ ಸದ್ದಾಯಿತು.

"ಅವತ್ತು ಬಸ್ಸಿಳಿದ ತಕ್ಷಣ ಹೇಳಿದ್ರೆ ಎರಡು ಉಳೀತಿದ್ವು," ಅಂದಳು. "ತಲೆ ಬಗ್ಗಿಸು."

ಬಗ್ಗಿಸಿದೆ. ನೀರು ತುಂಬ ಬಿಸಿಯಿತ್ತು. ಒಂದಿಷ್ಟು ತಣ್ಣೀರು ಬೆರೆಸು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.