ನಮ್ಮ ಮನೆಯಲ್ಲಿ ಚಳಿಯೇ ಇಲ್ಲ ಎಂದಿದ್ದೆ

ಶಾಹಿನಾ, ನಾನು ನಿನಗೆ ಸುಳ್ಳು ಹೇಳಿದ್ದೆ. ಮನೆ ಬೆಚ್ಚಗಿಡುವ ಹೀಟ್ ಪಂಪ್‌ಗೆ ಅಷ್ಟು ದುಡ್ಡು ಸುರಿಯುವುದು ಸಾರ್ಥಕವೇ ಎಂದು ನೀನು ಕೇಳಿದ ದಿನ, ಗೊತ್ತಿದ್ದೂ ಗೊತ್ತಿದ್ದೂ ಹೇಳಿದ ಸುಳ್ಳು ಅದು.

ಈ ಚಳಿದೇಶದ ಆಮರ್ಸ್‌ಫೋರ್ಟ್‌ನಲ್ಲಿ ನಮ್ಮಿಂದ ಎರಡು ಬೀದಿ ಆಚೆ, ನಮ್ಮ ಮನೆಯಂಥದೇ ಹಳೆಯ ಇಟ್ಟಿಗೆ ಮನೆಯನ್ನು ನೀವು ಆಗಷ್ಟೇ ಕೊಂಡಿದ್ದಿರಿ. ನಮ್ಮ ಪಂಪ್ ನೋಡಲು ನೀನು ಬರುತ್ತೇನೆ ಎಂದಿದ್ದೆ. ನೀನು ಬೆಲ್ ಒತ್ತುವ ಮುನ್ನ ನಾನು ಮಾಡಿದ ಕೆಲಸ — ಹಾಲ್‌ನಲ್ಲಿ ಉರಿಯುತ್ತಿದ್ದ ಕರೆಂಟ್ ಹೀಟರನ್ನು ಆರಿಸಿ, ಮೆಟ್ಟಿಲ ಕೆಳಗಿನ ಕಪಾಟಿಗೆ ತಳ್ಳಿದ್ದು.

"ನಿಜ ಹೇಳು, ವರ್ತ್ ಇದ್ಯಾ?" ಎಂದು ಕೇಳಿದೆ ನೀನು.

"ಕಣ್ಮುಚ್ಕೊಂಡು ಹಾಕ್ಸು. ನಮ್ಮನೇಲಿ ಚಳಿ ಅನ್ನೋದೇ ಇಲ್ಲ."

ತಪ್ಪು ಪಂಪ್‌ನದಲ್ಲ. ಅದನ್ನು ಕೂರಿಸಲು ಬಂದವನು ನನಗೆ ಮೊದಲೇ ಹೇಳಿದ್ದ — ಹೊರಗೋಡೆಯ ಎರಡು ಪದರಗಳ ನಡುವಿನ ಟೊಳ್ಳಿಗೆ ಬಿಸಿ ತಡೆಯುವ ವಸ್ತು ತುಂಬಿಸಿ, ಆಮೇಲೆ ಇದು. ಇಲ್ಲದಿದ್ದರೆ ಬಿಸಿ ಮನೆಯಲ್ಲಿ ನಿಲ್ಲುವುದಿಲ್ಲ ಎಂದು. ಆ ದುಡ್ಡಲ್ಲಿ ನಾನು ಹೊಸ ಅಡುಗೆಮನೆ ಮಾಡಿಸಿಕೊಂಡೆ. ಆಫೀಸಿನಲ್ಲಿ ಎಲ್ಲರೆದುರು ಗ್ಯಾಸ್ ಹೀಟಿಂಗ್ ಬಿಟ್ಟವಳೆಂದು ಮೆರೆದಿದ್ದೆ. ಈಗ ನಡುಗುತ್ತಿದ್ದೇನೆ ಎಂದು ಒಪ್ಪಿಕೊಳ್ಳುವುದು... ನಿಮ್ಮಲ್ಲಿ ಪಂಪ್ ಕೂರಿಸಲು ಬಂದವನೂ ಗೋಡೆಯ ಮಾತು ಎತ್ತಿದನಂತೆ. ಗೆಳತಿಯ ಮನೆಯಲ್ಲಿ ಅದೇನೂ ಬೇಕಾಗಲಿಲ್ಲ ಎಂದು ನೀನೇ ಅವನ ಬಾಯಿ ಮುಚ್ಚಿಸಿದೆಯಂತೆ.

ಆ ಚಳಿಗಾಲ ಬೆಂಗಳೂರಿನಿಂದ ನಿನ್ನ ಅಮ್ಮಿ ಬಂದರು. ಮನೆಯೊಳಗೂ ಕೋಟು ಬಿಚ್ಚದೆ ಕೂತಿರುತ್ತಿದ್ದರು. ಪಂಪ್ ಎಡೆಬಿಡದೆ ಓಡಿದರೂ ಮನೆ ಬೆಚ್ಚಗಾಗುತ್ತಿಲ್ಲ, ಯಾಕೆ ಎಂದು ನೀನು ಕೇಳಿದೆ. ಆಗಲಾದರೂ ನಿಜ ಹೇಳಿದೆನೇ — ಇಲ್ಲ. ಆಗ ನನ್ನ ಬಾಯಿಂದ ಬಂದದ್ದು ಇದು.

"ನಿಮ್ಮಲ್ಲಿ ಅಡುಗೆ ವಾಸನೆ ಹೋಗ್ಲಿ ಅಂತ ಯಾವಾಗ್ಲೂ ಕಿಟಕಿ ತೆಗ್ದಿರ್ತೀರಲ್ಲ, ಅದಕ್ಕೇ."

'ನಿಮ್ಮಲ್ಲಿ' ಎಂದೆ, 'ನಿಮ್ಮ ಮನೆಯಲ್ಲಿ' ಎನ್ನಲಿಲ್ಲ. ಆ ಪದದ ಕೊಳಕು ನನಗೆ ಗೊತ್ತಿತ್ತು. ಆಡುವಾಗಲೇ ಗೊತ್ತಿತ್ತು. ನಿನಗೂ ತಿಳಿಯಿತು.

"ಸರಿ, ಮುಚ್ಚಿಡ್ತೀವಿ," ಎಂದೆ ನೀನು. ಅಷ್ಟೇ.

ಮುಚ್ಚಿಟ್ಟಿರಿ. ತಣ್ಣನೆಯ ಗೋಡೆಗೆ ಹಬೆ ಕೂತು, ಅಮ್ಮಿಯ ಮಂಚದ ಹಿಂದೆ ಕಪ್ಪು ಬೂಷ್ಟು ಹಬ್ಬಿತು. ನೋಡಲು ಬಂದ ನಾನು ಆ ಮುಗ್ಗಲು ವಾಸನೆಗೆ ಮೂಗು ಮುಚ್ಚಿಕೊಂಡೆ — ನಾನು, ಅದನ್ನು ಅಲ್ಲಿ ಬೆಳೆಸಿದವಳು. ಅಮ್ಮಿ ಕೆಮ್ಮುತ್ತಲೇ ನನಗೆ ಚಹಾ ತಂದುಕೊಟ್ಟರು. ಮೂರು ತಿಂಗಳಿಗೆಂದು ಬಂದವರು ಅರ್ಧಕ್ಕೇ ಹೊರಟುಹೋದರು. ಇಲ್ಲಿನ ಹವಾ ತಮಗೆ ಒಗ್ಗುವುದಿಲ್ಲ ಎಂದರಂತೆ.

ಮರುವರ್ಷ ಸದ್ದಿಲ್ಲದೆ ನಮ್ಮ ಗೋಡೆ ತುಂಬಿಸಿದೆ. ಈಗ ಮನೆ ನಿಜಕ್ಕೂ ಬೆಚ್ಚಗಿದೆ, ಬಿಲ್ಲೂ ಇಳಿದಿದೆ. ಹಾಕಿದ ದುಡ್ಡು ಸಾರ್ಥಕ ಎಂದು ಇಂದು ಯಾರಿಗಾದರೂ ಹೇಳಬಲ್ಲೆ — ಆದರೆ ಆ ಬಿಸಿಯಲ್ಲಿ ಕೂತಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆ. ನಿನಗೆ ಮಾತ್ರ ಹೇಳಲಿಲ್ಲ. ಈಗ ಹೇಳುತ್ತೇನೆ: ಮೊದಲು ಗೋಡೆ ತುಂಬಿಸು. ಆ ಚಳಿಗೂ ನಿನ್ನ ಅಡುಗೆಗೂ ಯಾವ ಸಂಬಂಧವೂ ಇರಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಅಮ್ಮಿಯ ನಂಬರ್ ಕೊಡು. ಇದನ್ನೆಲ್ಲ ಅವರಿಗೂ ನನ್ನ ಬಾಯಿಂದಲೇ ಹೇಳಬೇಕು. ಬೈದರೆ ಬೈಸಿಕೊಳ್ಳುತ್ತೇನೆ. ಬೈಯದೆ, ಊಟ ಆಯ್ತಾ ಮಗಳೇ ಎಂದು ಕೇಳಿಬಿಟ್ಟರೆ — ಅದನ್ನೂ ಸಹಿಸಿಕೊಳ್ಳುತ್ತೇನೆ.